ಹದಿನೈದು ಮಳೆಗಾಲ ಕಂಡ ಗಾಡಿ

ಆನ್‌ಲೈನಿನಲ್ಲಿ ಬರುವ ಮುಂಬೈ, ಪುಣೆಯ ಹಳೆ ಕಾರುಗಳ ಜಾಹೀರಾತಿನಲ್ಲಿ ಮೂರು ಮಾತು ತಪ್ಪದೆ ಇರುತ್ತವೆ: ಸಿಂಗಲ್ ಓನರ್, ಕಡಿಮೆ ರನ್ನಿಂಗ್, ನಾನ್ ಆಕ್ಸಿಡೆಂಟ್. 2011ರ ಹ್ಯಾಚ್‌ಬ್ಯಾಕ್ ಒಂದು ಮೈ ತೊಳೆದುಕೊಂಡು, ಟೈರಿಗೆ ಕಪ್ಪು ಪಾಲಿಶ್ ಹಚ್ಚಿಸಿಕೊಂಡು ಫೋಟೋಗೆ ನಿಂತಿರುತ್ತದೆ. ಕೆಳಗೆ 45,000 ಕಿ.ಮೀ. ಎಂದು ಬರೆದಿರುತ್ತದೆ. ಡೊಂಬಿವಲಿಯಲ್ಲೋ ಚಿಂಚವಾಡದಲ್ಲೋ ಸಂಸಾರ ಹೂಡಿ, ವರ್ಷಕ್ಕೆರಡು ಸಲ ಹುಬ್ಬಳ್ಳಿಗೋ ಕುಂದಾಪುರಕ್ಕೋ ಹೋಗಿಬರುವ ಕನ್ನಡದ ಮನೆಗಳಿಗೆ ಕಡಿಮೆ ಬೆಲೆಯ ಇಂಥ ಗಾಡಿ ದೊಡ್ಡ ಆಸರೆ. ಕೊಳ್ಳಬಾರದೆಂದು ಯಾರೂ ಹೇಳಬೇಕಿಲ್ಲ. ಆ 45,000ವನ್ನು ಹೇಗೆ ಓದಬೇಕು ಎಂಬುದನ್ನು ಮಾತ್ರ ಮೊದಲು ಕಲಿಯಬೇಕು.

ಮುಂಬೈಯ ಕಚೇರಿ ಹೊತ್ತಿನ ದಟ್ಟಣೆಯಲ್ಲಿ ಗಾಡಿ ಗಂಟೆಗೆ ಸರಾಸರಿ 15 ಕಿ.ಮೀ. ಸಾಗುತ್ತದೆ ಎಂದಿಟ್ಟುಕೊಳ್ಳಿ. 45,000 ಕಿ.ಮೀ. ಮುಗಿಸುವಷ್ಟರಲ್ಲಿ ಅದರ ಎಂಜಿನ್ 3,000 ಗಂಟೆ ತಿರುಗಿರುತ್ತದೆ. ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಹೆದ್ದಾರಿಯಲ್ಲಿ ಸರಾಸರಿ 50ರ ವೇಗದಲ್ಲಿ ಓಡಾಡಿದ ಗಾಡಿ 1,20,000 ಕಿ.ಮೀ. ತೋರಿಸಿದರೂ ಅದರ ಎಂಜಿನ್ ದುಡಿದಿರುವುದು 2,400 ಗಂಟೆ. ಮೀಟರಿನಲ್ಲಿ ಎಳೆಯದಾಗಿ ಕಾಣುವ ಗಾಡಿಯೇ ನಿಜಕ್ಕೂ ಹೆಚ್ಚು ದಣಿದಿರುತ್ತದೆ. ಆಯಿಲಿನ ಲೆಕ್ಕವೂ ಹೀಗೆಯೇ. ಹತ್ತು ಸಾವಿರ ಕಿ.ಮೀ.ಗೊಮ್ಮೆ ತಪ್ಪದೆ ಬದಲಿಸಿದ್ದೇವೆ ಎಂದರೂ ಪಟ್ಟಣದ ಗಾಡಿಯಲ್ಲಿ ಅದೇ ಮೂರೂವರೆ ಲೀಟರ್ ಆಯಿಲ್ 650 ಗಂಟೆಗೂ ಹೆಚ್ಚು ಹೊತ್ತು ಕಾದು ಸುತ್ತಿರುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಕಿಲೋಮೀಟರ್ ಏರುವುದಿಲ್ಲ, ಸವೆತ ಏರುತ್ತಲೇ ಇರುತ್ತದೆ. ಆದ್ದರಿಂದ ಸರ್ವಿಸ್ ಬಿಲ್ ನೋಡುವಾಗ ಕಿ.ಮೀ. ಜೊತೆಗೆ ತಾರೀಖನ್ನೂ ನೋಡಿ. ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಿಸಿದ ಗಾಡಿ ಬೇಕು, ಮೀಟರು ಹತ್ತು ಸಾವಿರ ಮುಟ್ಟಲೆಂದು ಮೂರು ವರ್ಷ ಕಾದ ಗಾಡಿ ಬೇಡ.

ಮೀಟರನ್ನೇ ಹಿಂದೆ ತಿರುಗಿಸಿರುವ ಸಾಧ್ಯತೆ ಇದ್ದೇ ಇದೆ. ಅದನ್ನು ಗಾಡಿಯ ಮೈಯೇ ಹೇಳಿಬಿಡುತ್ತದೆ. ಕ್ಲಚ್ ಪೆಡಲಿನ ರಬ್ಬರಿನ ಗೆರೆ ಅಳಿದಿದೆಯೇ, ಸ್ಟೀರಿಂಗಿನ ಬಲಮೇಲ್ಭಾಗ ನುಣುಪಾಗಿ ಹೊಳೆಯುತ್ತಿದೆಯೇ, ಡ್ರೈವರ್ ಸೀಟಿನ ಹೊರ ಅಂಚು ಕುಸಿದಿದೆಯೇ ನೋಡಿ. 45,000 ಓಡಿದ ಗಾಡಿಯಲ್ಲಿ ಇವು ಮೂರೂ ಒಟ್ಟಿಗೆ ಸವೆದಿರುವುದು ಅಪರೂಪ. ಕಿಟಕಿಗಳ ಗಾಜಿನ ಮೂಲೆಯಲ್ಲಿ ಕಂಪನಿಯ ಗುರುತು, ತಯಾರಿಕೆ ವರ್ಷದ ಸಂಕೇತ ಇರುತ್ತವೆ. ಎಲ್ಲವೂ ಒಂದೇ ತೆರನಾಗಿದ್ದು ಒಂದರದು ಮಾತ್ರ ಬೇರೆಯಾಗಿದ್ದರೆ ಆ ಬದಿಗೆ ಪೆಟ್ಟು ಬಿದ್ದಿತ್ತೇ ಎಂದು ಕೇಳಿ. ಟೈರಿನ ಪಕ್ಕದ ನಾಲ್ಕು ಅಂಕಿ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಗೆರೆ ಎಷ್ಟೇ ಆಳವಾಗಿದ್ದರೂ ಅಷ್ಟು ಹಳೆಯ ರಬ್ಬರು ಗಟ್ಟಿಯಾಗಿರುತ್ತದೆ. ನಾಲ್ಕು ಟೈರಿನ ಖರ್ಚನ್ನು ಚೌಕಾಸಿಯಲ್ಲಿ ಸೇರಿಸಿಕೊಳ್ಳಿ.

ಗಾಡಿ ನೋಡಲು ಹೋಗುವ ಮೊದಲು ಮಾರುವವರಿಗೆ ಫೋನಿನಲ್ಲಿ ಒಂದೇ ಮಾತು ಹೇಳಿ: ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಎಂದು ಹೇಳಿ ಹೊರಡುವಷ್ಟು ಗಟ್ಟಿ ಮನಸ್ಸು ಇರಲಿ. ಎಂಜಿನ್ನಿನ ಗುಟ್ಟು ರಟ್ಟಾಗುವುದು ತಣ್ಣಗಿದ್ದು ಎದ್ದ ಮೊದಲ ಒಂದು ನಿಮಿಷದಲ್ಲಿ.

ಆ ನಿಮಿಷಕ್ಕೆ ಇಬ್ಬರು ಬೇಕು. ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಸೈಲೆನ್ಸರ್ ಹತ್ತಿರ ನಿಲ್ಲಲಿ. ಎದ್ದ ಕೂಡಲೇ ಒಂದು ಸಲ ನೀಲಿ ಹೊಗೆ ಉಗುಳಿ ನಿಂತುಬಿಟ್ಟರೆ ರಾತ್ರಿಯೆಲ್ಲ ವಾಲ್ವ್ ಸೀಲಿನಿಂದ ಆಯಿಲ್ ಜಿನುಗಿ ಕೆಳಗಿಳಿದಿದೆ ಎಂದರ್ಥ. ಅದು ರಿಪೇರಿಯಾಗುವ ಕೆಲಸ. ಬಿಸಿಯಾದ ಮೇಲೂ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನೀಲಿ ಬಂದರೆ ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಬಿಚ್ಚಬೇಕು. ಮಳೆಗಾಲದ ಬೆಳಿಗ್ಗೆ ಬಿಳಿ ಆವಿ ಸಹಜ, ಎರಡು ಮೂರು ನಿಮಿಷದಲ್ಲಿ ಮಾಯವಾಗಬೇಕು. ಮಾಯವಾಗದೆ ದಟ್ಟವಾಗಿ ಬರುತ್ತಲೇ ಇದ್ದು, ಎಂಜಿನ್ ತಣಿಸುವ ಕೂಲಂಟಿನ ಮಟ್ಟವೂ ಇಳಿದಿದ್ದರೆ ಎಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಡೀಸೆಲ್ ಗಾಡಿಯಲ್ಲಿ ಎದ್ದ ಮೊದಲ ಕ್ಷಣಗಳಲ್ಲಿ ಸರಪಳಿ ಎಳೆದಾಡಿದಂಥ ಕರಕರ ಸದ್ದು ಬಂದರೆ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಚೈನ್ ಸಡಿಲವಾಗಿರಬಹುದು. ಆಯಿಲ್ ಒತ್ತಡ ಏರಿ, ಚೈನನ್ನು ಎಳೆದು ಹಿಡಿಯುವ ಟೆನ್ಷನರ್ ಬಿಗಿಯಾದೊಡನೆ ಆ ಸದ್ದು ಅಡಗುತ್ತದೆ, ಹಾಗಾಗಿ ಬಿಸಿ ಎಂಜಿನ್ನಿನಲ್ಲಿ ಅದು ಕೇಳಿಸುವುದೇ ಇಲ್ಲ. ಇದಾದ ಮೇಲೆ ಐಡಲಿನಲ್ಲಿ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ. ಸಣ್ಣಗೆ ಉಸಿರಾಡಿದಂತಿದ್ದರೆ ಚಿಂತೆಯಿಲ್ಲ. ರೈಲಿನ ಎಂಜಿನ್ನಿನಂತೆ ಬುಸುಬುಸು ಹೊಗೆ ಬಂದು ಡಿಪ್‌ಸ್ಟಿಕ್ಕನ್ನೂ ಮೇಲೆ ತಳ್ಳುತ್ತಿದ್ದರೆ ಸಿಲಿಂಡರಿನ ಒತ್ತಡ ಕೆಳಗೆ ಸೋರುತ್ತಿದೆ. ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಪಸೆ ಕಂಡರೆ ಗಾಬರಿ ಬೇಡ. ದಿನಾ ಎರಡು ಕಿ.ಮೀ. ಮಾತ್ರ ಓಡುವ ಗಾಡಿಯಲ್ಲಿ ತೇವ ಕೂತು ಹಾಗಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿರುವ ಆಯಿಲೂ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ನೀರು ಸೇರಿದೆ ಎಂದು ತಿಳಿಯಿರಿ. ಸಂಶಯ ಉಳಿದರೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಸುಮಾರು 11ರಿಂದ 13 ಬಾರ್ ಬರಬೇಕು. ಅದಕ್ಕಿಂತ ಮುಖ್ಯ, ನಾಲ್ಕೂ ಸಿಲಿಂಡರ್ ನಡುವೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಈ ಊರುಗಳ ಗಾಡಿಗೆ ಎಂಜಿನ್ ಸವೆತಕ್ಕಿಂತ ದೊಡ್ಡ ಶತ್ರು ನೀರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದದ್ದು ಎಲ್ಲರಿಗೂ ನೆನಪಿದೆ. ಆದರೆ ಇವತ್ತು ಮಾರಾಟಕ್ಕಿರುವ ಗಾಡಿಗಳ ಮಟ್ಟಿಗೆ ನೆನಪಿಡಬೇಕಾದ ತಾರೀಖುಗಳು ಬೇರೆ. ಮುಂಬೈಗೆ 2017ರ ಆಗಸ್ಟ್ 29. ಪುಣೆಯಲ್ಲಿ ಅಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಕಾರುಗಳು ಕೊಚ್ಚಿಹೋದ 2019ರ ಸೆಪ್ಟೆಂಬರ್ 25ರ ರಾತ್ರಿ. ಸಾಂಗ್ಲಿ, ಕೊಲ್ಹಾಪುರ ಮುಳುಗಿದ 2019ರ ಆಗಸ್ಟ್. ಚಿಪ್ಳೂಣ ಮುಳುಗಿದ 2021ರ ಜುಲೈ. ಆ ದಿನಗಳಲ್ಲಿ ಗಾಡಿ ಎಲ್ಲಿ ನಿಂತಿತ್ತು ಎಂದು ನೇರವಾಗಿ ಕೇಳಿ. ಬಿಲ್ಲುಗಳಿದ್ದರೆ ಆ ತಾರೀಖಿನ ಮುಂದಿನ ಎರಡು ತಿಂಗಳನ್ನು ಹುಡುಕಿ. ಸೆಲ್ಫ್ ಮೋಟರ್, ಆಲ್ಟರ್ನೇಟರ್, ಕಾರ್ಪೆಟ್, ವೈರಿಂಗ್ ಒಟ್ಟಿಗೆ ಬದಲಾಗಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಇನ್ಶೂರೆನ್ಸ್ ಕ್ಲೇಮಿನ ವಿವರವನ್ನೂ ಕೇಳಿ.

ಹೇಳಲು ಒಪ್ಪದವರ ಗಾಡಿಯಲ್ಲಿ ಡಿಕ್ಕಿ ತೆರೆದು ಸ್ಟೆಪ್ನಿಯನ್ನು ಹೊರಗೆತ್ತಿಸಿ. ಅದರ ಗುಂಡಿ ಸಾಮಾನ್ಯವಾಗಿ ಗಾಡಿಯ ಅತ್ಯಂತ ತಗ್ಗಿನ ಜಾಗಗಳಲ್ಲಿ ಒಂದು, ವಾಷಿಂಗ್ ಸೆಂಟರಿನವರೂ ಅಲ್ಲಿಗೆ ಕೈ ಹಾಕುವುದಿಲ್ಲ. ಬೆರಳಿನಿಂದ ಗುಂಡಿಯ ಅಂಚಿನ ಸಂದಿಯನ್ನು ಒರೆಸಿ ನೋಡಿ. ರಸ್ತೆಯ ಧೂಳು ಒರಟಾಗಿರುತ್ತದೆ, ಬೆರಳಿಗೆ ಹರಳು ಹರಳಾಗಿ ಸಿಗುತ್ತದೆ. ಪ್ರವಾಹದ ಕೆಸರು ಒಣಗಿದರೆ ಗೋಪಿಚಂದನದಷ್ಟು ನುಣುಪಾಗಿ ಬೆರಳ ಗೆರೆಗಳೊಳಗೆ ಕೂರುತ್ತದೆ. ಆಮೇಲೆ ಮುಂದಿನ ಸೀಟಿಗೆ ಬನ್ನಿ. ಸೀಟ್ ಬೆಲ್ಟನ್ನು ಕೊನೆ ತನಕ ಎಳೆಯಿರಿ. ದಿನಾ ಹಾಕುವಾಗ ಹೊರಗೆ ಬಾರದ ಆ ಕೊನೆಯ ಎರಡಡಿ ಪಟ್ಟಿಯಲ್ಲಿ ಅಡ್ಡಕ್ಕೆ ಕಂದು ಗೆರೆಯೊಂದು ಇದ್ದರೆ ನೀರು ಅಲ್ಲಿಯವರೆಗೆ ಏರಿತ್ತು. ಸೀಟು ಕೂರಿಸಿದ ಬೋಲ್ಟುಗಳ ತುಕ್ಕು, ಕಾರ್ಪೆಟ್ ಕೆಳಗಿನ ವೈರ್ ಕಪ್ಲರಿನಲ್ಲಿ ಹಸಿರು ಬಿಳಿ ಪುಡಿ, ಎಷ್ಟೇ ಪರ್‌ಫ್ಯೂಮ್ ಹೊಡೆದರೂ ಎಸಿ ಹಾಕಿದ ಮೊದಲ ಗಾಳಿಯಲ್ಲಿ ಬರುವ ಒದ್ದೆ ಗೋಣಿಯ ವಾಸನೆ, ಇವೆಲ್ಲ ಅದನ್ನೇ ಹೇಳುತ್ತವೆ.

ಮುಳುಗಿದ ಗಾಡಿ ಒಣಗಿಸಿದರೆ ಸರಿಹೋಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಬಾಗಿಲಿನ ಮಟ್ಟಕ್ಕೆ ಬಂದ ನೀರು ಮೊದಲು ಹಾಳು ಮಾಡುವುದು ನೆಲದಲ್ಲಿರುವ ವೈರಿಂಗನ್ನು. ಬಹಳಷ್ಟು ಕಾರುಗಳಲ್ಲಿ ಏರ್‌ಬ್ಯಾಗಿನ ಕಂಟ್ರೋಲ್ ಮಾಡ್ಯೂಲ್ ಗೇರ್ ಲಿವರಿನ ಹತ್ತಿರ, ನೆಲಕ್ಕೇ ಅಂಟಿಕೊಂಡಿರುತ್ತದೆ. ಕಪ್ಲರಿನ ತುಕ್ಕು ನಿಧಾನವಾಗಿ ತಿನ್ನುತ್ತದೆ, ಒಂದು ವರ್ಷದ ಮೇಲೆ ಪವರ್ ವಿಂಡೋ, ಆಮೇಲೆ ಸೆಂಟ್ರಲ್ ಲಾಕ್, ಆಮೇಲೆ ಓಡುವಾಗಲೇ ಎಂಜಿನ್ ಬಂದ್. ಇನ್ನು ನೀರಿನಲ್ಲಿ ಓಡಿಸಲು ಹೋಗಿ ನಿಂತ ಗಾಡಿಯದು ಬೇರೆ ಕಥೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಏರ್ ಫಿಲ್ಟರ್ ಮೂಲಕ ಸಿಲಿಂಡರಿಗೆ ನೀರು ಹೊಕ್ಕರೆ ಏರುತ್ತಿರುವ ಪಿಸ್ಟನ್ ಅದಕ್ಕೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೂದಲೆಳೆಯಷ್ಟು ಬಾಗಿದ ರಾಡಿನಲ್ಲೂ ಎಂಜಿನ್ ಸ್ಟಾರ್ಟ್ ಆಗುತ್ತದೆ, ಸಾವಿರಾರು ಕಿ.ಮೀ. ಓಡುತ್ತದೆ. ಒಂದು ದಿನ ಘಾಟಿನಲ್ಲಿ ರಾಡ್ ಮುರಿದು ಬ್ಲಾಕಿಗೇ ತೂತು ಬೀಳುತ್ತದೆ. ಒಂದೇ ಸಿಲಿಂಡರಿನ ಕಂಪ್ರೆಷನ್ ಉಳಿದವಕ್ಕಿಂತ ಕಡಿಮೆ ಬಂದಾಗ ಈ ಸಾಧ್ಯತೆಯನ್ನು ಮರೆಯಬೇಡಿ. ಮುಳುಗಿದ್ದು ಖಚಿತವಾದರೆ ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳಬೇಡಿ. ಈ ಒಂದು ವಿಷಯದಲ್ಲಿ ಚೌಕಾಸಿಗೆ ಜಾಗವಿಲ್ಲ.

ಏರ್‌ಬ್ಯಾಗ್ ಇರುವ ಗಾಡಿಯಾದರೆ ಅದರ ದೀಪವನ್ನು ಗಮನಿಸಿ. ಕೀ ಆನ್ ಮಾಡಿದಾಗ ಅದು ಕೆಲವು ಸೆಕೆಂಡು ಹೊತ್ತಿಕೊಂಡು ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಿಕೊಳ್ಳಲೇ ಇಲ್ಲವಾದರೆ ಯಾರೋ ದೋಷ ಮುಚ್ಚಲು ಬಲ್ಬ್ ತೆಗೆದಿದ್ದಾರೆ, ಅದು ಇನ್ನೂ ಕೆಟ್ಟದ್ದು. ಎಂಜಿನ್ ದೀಪಕ್ಕೂ ಇದೇ ಮಾತು. ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಒಂದು ಕೊಂಡಿಟ್ಟುಕೊಂಡರೆ ಒಳ್ಳೆಯದು, ಹೆಚ್ಚು ಬೆಲೆಯದಲ್ಲ. ನಮ್ಮ ದೇಶದಲ್ಲಿ ಎರಡನೇ ಹಂತದ ಒಬಿಡಿ ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕೆ ಹಿಂದಿನ ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ ಪೂರ್ತಿ ಮಾತಾಡುವುದಿಲ್ಲ. ಮಾತಾಡಿದರೆ ದೋಷದ ಕೋಡ್ ಇಲ್ಲ ಎಂಬುದಕ್ಕೇ ತೃಪ್ತರಾಗಬೇಡಿ. ಗಾಡಿ ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿ ಮುಗಿಸಿದೆಯೇ ಎಂದು ತೋರಿಸುವ ರೆಡಿನೆಸ್ ಮಾನಿಟರ್ ಎಂಬ ಪುಟ ತೆರೆಯಿರಿ. ಅಲ್ಲಿ ಹೆಚ್ಚಿನವು 'ನಾಟ್ ರೆಡಿ' ಎಂದಿದ್ದರೆ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದಿದ್ದಾರೆ. ಕಾರಣ ಕೇಳಿ ತಿಳಿದುಕೊಳ್ಳಿ.

ಉಪ್ಪಿನ ಗಾಳಿ ನೀರಿನಷ್ಟು ಅವಸರದ್ದಲ್ಲ, ಆದರೆ ಬಿಡುವುದೂ ಇಲ್ಲ. ವರ್ಸೋವಾ, ಕೊಲಾಬಾ, ಗೋವಾದ ಕಾಂದೋಳಿ, ವಾಸ್ಕೊ ಕಡೆ ಬಯಲಲ್ಲಿ ನಿಂತ ಗಾಡಿಯ ಬಣ್ಣ ಮೇಲಿನಿಂದ ಚೆನ್ನಾಗಿಯೇ ಇರುತ್ತದೆ. ಮೇಲೆ ಥಳಕು ಒಳಗೆ ಹುಳುಕು ಎನ್ನುವುದು ಇಂಥ ಗಾಡಿಗೇ ಒಪ್ಪುವ ಮಾತು. ಟಾರ್ಚ್ ಹಿಡಿದು ಬಗ್ಗಿ. ಜಾಕ್ ಕೊಡುವ ಜಾಗ, ಬಾಗಿಲಿನ ತಳದ ನೀರಿಳಿಯುವ ತೂತುಗಳು, ಬ್ಯಾಟರಿ ಕೂರುವ ತಟ್ಟೆ, ಬಾನೆಟ್ ಕೆಳಗೆ ಸಸ್ಪೆನ್ಷನ್ ಬಂದು ಸೇರುವ ಸ್ಟ್ರಟ್ ಟವರ್, ಹಿಂದಿನ ಆಕ್ಸಲ್, ಬ್ರೇಕ್ ಪೈಪು. ಬಣ್ಣ ಉಬ್ಬಿದಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಒಳಗೆ ಪುಡಿಯಾದದ್ದು ಮಂದ ಸದ್ದು ಮಾಡುತ್ತದೆ. ಬಾಗಿಲಿನ ತುಕ್ಕು ತಗಡಿನ ಖರ್ಚು ಅಷ್ಟೇ. ಸ್ಟ್ರಟ್ ಟವರ್, ಚಾಸಿಯ ಉದ್ದ ತೊಲೆ, ಬ್ರೇಕ್ ಪೈಪಿನ ತುಕ್ಕು ಪ್ರಾಣದ ಪ್ರಶ್ನೆ. ಬಟ್ಟೆ ಸುತ್ತಿದ ಅಯಸ್ಕಾಂತ ಅಂಟದ ಕಡೆ ಪುಟ್ಟಿ ತುಂಬಿದ್ದಾರೆ. ಪೇಂಟ್ ಮೀಟರ್ ಸಿಕ್ಕರೆ ಕಂಪನಿ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್ ತೋರಿಸುತ್ತದೆ, 300 ದಾಟಿದರೆ ಅಲ್ಲಿ ಡೆಂಟಿಂಗ್ ಪೇಂಟಿಂಗ್ ಆಗಿದೆ. ಇದೇ ಉಪ್ಪು ಎಸಿ ಕಂಡೆನ್ಸರಿನ ತೆಳು ಅಲ್ಯುಮಿನಿಯಂ ಎಲೆಗಳನ್ನೂ ತಿನ್ನುತ್ತದೆ. ಬೆರಳು ತಾಗಿದರೆ ಎಲೆಗಳು ಉದುರುವಂತಿದ್ದರೆ ಗ್ಯಾಸ್ ತುಂಬಿಸಿ ಪ್ರಯೋಜನವಿಲ್ಲ.

ಗೋವಾದ ಗಾಡಿಯಲ್ಲಿ ಇನ್ನೊಂದು ನೋಡಬೇಕು. ಅಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಸೆಲ್ಫ್ ಡ್ರೈವ್ ಕಾರುಗಳಿಗೆ ಕಪ್ಪು ಪಟ್ಟಿಯ ಮೇಲೆ ಹಳದಿ ಅಕ್ಷರದ ನಂಬರ್ ಪ್ಲೇಟು. ಮಾರುವಾಗ ಪ್ರೈವೇಟಿಗೆ ಬದಲಿಸಿಕೊಂಡಿರುತ್ತಾರೆ. ಬಿಳಿ ಪ್ಲೇಟಿನಲ್ಲೇ ಕದ್ದು ಬಾಡಿಗೆಗೆ ಬಿಟ್ಟವೂ ಇರುತ್ತವೆ. ಸಾವಿರ ಕಾಲು ತುಳಿದ ಕ್ಲಚ್ಚು, ಕಾರ್ಪೆಟ್ ಎತ್ತಿದರೆ ಬೀಚಿನ ಮರಳು, ನಾಲ್ಕೂ ಬಾಗಿಲಿನ ಅಂಚಿನಲ್ಲಿ ಸಣ್ಣ ಸಣ್ಣ ಗೀರು ಇವುಗಳಿಂದ ಗುರುತು ಹತ್ತುತ್ತದೆ.

ಕ್ಲಚ್ ಪರೀಕ್ಷೆಗೆ ಬಯಲು ಜಾಗ ಸಾಕು. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ನಿಧಾನವಾಗಿ ಬಿಡಿ. ಎಂಜಿನ್ ಬಂದ್ ಬೀಳಬೇಕು. ಬೀಳದೆ ತಿರುಗುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಒಂದು ಸಲ ಸಾಕು, ಪದೇಪದೇ ಮಾಡಿ ಇದ್ದುದನ್ನೂ ಸುಡಬೇಡಿ. ಪುಣೆಯ ಗಾಡಿಗಳು ಖಂಡಾಳಾ, ಕಾತ್ರಜ್ ಘಾಟ್ ಹತ್ತಿ ಹತ್ತಿ ಕ್ಲಚ್ಚನ್ನೂ ಕೂಲಿಂಗನ್ನೂ ಒಟ್ಟಿಗೆ ಸವೆಸಿಕೊಂಡಿರುತ್ತವೆ. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ಬಿಚ್ಚಿ ಕೂಲಂಟಿನ ಬಣ್ಣ ನೋಡಿ. ಹಸಿರೋ ಕೆಂಪೋ ಶುಭ್ರವಾಗಿದ್ದರೆ ಸರಿ. ಇಟ್ಟಿಗೆ ಬಣ್ಣದ ನೀರಿದ್ದರೆ ವರ್ಷಗಟ್ಟಲೆ ನಲ್ಲಿ ನೀರನ್ನೋ ಬೋರಿನ ನೀರನ್ನೋ ತುಂಬಿಸಿದ್ದಾರೆ, ಒಳಗೆ ಪಾತ್ರೆಯ ತಳದಂತೆ ಕಟ್ಟು ಕಟ್ಟಿದೆ. ಎಸಿ ಹಾಕಿ ಇಪ್ಪತ್ತು ನಿಮಿಷ ನಿಂತಲ್ಲೇ ಓಡಿಸಿ; ರೇಡಿಯೇಟರ್ ಫ್ಯಾನ್ ಬರುತ್ತಾ ಹೋಗುತ್ತಾ ಇರಬೇಕು, ಉಷ್ಣತೆಯ ಮುಳ್ಳು ಅರ್ಧದ ಆಸುಪಾಸಿನಲ್ಲೇ ನಿಲ್ಲಬೇಕು. ಇಲ್ಲಿ ಸೋತ ಗಾಡಿ ನಾಲ್ಕು ಜನ, ಲಗೇಜು ಹೇರಿಕೊಂಡು ಚೋರ್ಲಾ ಘಾಟ್ ಹತ್ತಲಾರದು.

ಟೈಮಿಂಗ್ ಬೆಲ್ಟ್ ಇದೆಯೋ ಚೈನ್ ಇದೆಯೋ ಎಂದು ಹೋಗುವ ಮೊದಲೇ ತಿಳಿದುಕೊಳ್ಳಿ. ಸ್ಯಾಂಟ್ರೊ ಝಿಂಗ್, ಐ10ರ 1.1 ಲೀಟರ್ ಎಂಜಿನ್, ಹಳೆ ಇನ್ನೋವಾದ 2.5 ಡೀಸೆಲ್‌ಗೆ ಬೆಲ್ಟ್. ಸ್ವಿಫ್ಟಿನ 1.2 ಪೆಟ್ರೋಲ್, 1.3 ಡೀಸೆಲ್, ಐ10ರ 1.2 ಲೀಟರ್ 'ಕಪ್ಪಾ' ಎಂಜಿನ್ನಿಗೆ ಚೈನ್. ಬೆಲ್ಟಿನ ರಬ್ಬರಿಗೆ ಕಿಲೋಮೀಟರ್ ಆಗದಿದ್ದರೂ ವಯಸ್ಸಾಗುತ್ತದೆ. ಓಡುವಾಗ ತುಂಡಾದರೆ ಪಿಸ್ಟನ್ನಿಗೆ ವಾಲ್ವುಗಳು ಬಡಿದು ಬಾಗುತ್ತವೆ, ಒಂದು ಬೆಲ್ಟಿನ ಉಳಿತಾಯಕ್ಕೆ ಇಡೀ ಹೆಡ್ ಬಿಚ್ಚಬೇಕಾಗುತ್ತದೆ. ಬದಲಿಸಿದ ಬಿಲ್ ಕೈಗೆ ಸಿಗದಿದ್ದರೆ ಬದಲಿಸಿಲ್ಲ ಎಂದೇ ಹಿಡಿದು, ಟೆನ್ಷನರ್, ವಾಟರ್ ಪಂಪ್ ಸಮೇತ ಹಾಕಿಸಿ.

ಸಿಎನ್‌ಜಿ ಗಾಡಿಯಾದರೆ ಕಿಟ್ ಆರ್‌ಸಿಯಲ್ಲಿ ನಮೂದಾಗಿರಬೇಕು. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಆಗಬೇಕು, ಅದರ ತಾರೀಖು ಕಂಪ್ಲಯನ್ಸ್ ಪ್ಲೇಟಿನಲ್ಲಿ ಸಿಗುತ್ತದೆ. ಡಿಕ್ಕಿಯಲ್ಲಿ ಸಿಲಿಂಡರಿನ ಪಟ್ಟಿ ಕೂತ ಜಾಗದ ತುಕ್ಕನ್ನು ತಪ್ಪದೆ ನೋಡಿ. ಸದಾ ಗ್ಯಾಸಿನಲ್ಲೇ ಓಡಿಸಿದ ಗಾಡಿಯನ್ನು ಪೆಟ್ರೋಲಿಗೆ ಹಾಕಿ ಓಡಿಸಿ ನೋಡಿ. ಎಷ್ಟೋ ಸಲ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪೇ ಕೆಟ್ಟಿರುತ್ತದೆ.

ಓಡಿಸುವಾಗ ಮ್ಯೂಸಿಕ್ ಬಂದ್, ಎಸಿ ಬಂದ್, ಕಿಟಕಿ ಇಳಿಸಿ. ಸ್ಪೀಡ್ ಬ್ರೇಕರ್ ಮೇಲೆ ಟಕ್ ಟಕ್ ಎಂದರೆ ಲಿಂಕ್ ರಾಡ್, ಧಡ್ ಎಂದರೆ ಲೋವರ್ ಆರ್ಮ್ ಬುಷ್ ಅಥವಾ ಸ್ಟ್ರಟ್ ಮೌಂಟ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೋಗುವಾಗ ಕಟಕಟ ಎಂದರೆ ಆಕ್ಸಲಿನ ಜಾಯಿಂಟ್. 60ರ ವೇಗದಲ್ಲಿ ಗುಂಯ್‌ಗುಡುವುದು ವೀಲ್ ಬೇರಿಂಗ್, ಕೆಲವೊಮ್ಮೆ ಬರೀ ಟೈರ್. ಮುಂಬೈಯ ಗುಂಡಿಗಳಲ್ಲಿ ಓಡಿದ ಗಾಡಿಯಲ್ಲಿ ಇವುಗಳಲ್ಲಿ ಒಂದೆರಡು ಇರುವುದೇ. ಕೆಲಸ ಕಷ್ಟದ್ದಲ್ಲ, ಬಿಡಿಭಾಗ ಕುರ್ಲಾದಲ್ಲಿ, ಪುಣೆಯ ನಾನಾ ಪೇಠೆಯಲ್ಲಿ ಸಿಗುತ್ತದೆ.

ಕಾಗದಪತ್ರಕ್ಕೆ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಎಷ್ಟನೇ ಓನರ್, ಸಾಲ ಬಾಕಿಯಿದೆಯೇ, ಇನ್ಶೂರೆನ್ಸ್, ಪಿಯುಸಿ ಎಲ್ಲ ಗೊತ್ತಾಗುತ್ತದೆ. ಚಾಸಿ ನಂಬರನ್ನು ಗಾಡಿಯ ಮೇಲೆ ಕೊರೆದದ್ದರೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಇ-ಚಲನ್ ಬಾಕಿ ಮಾರುವವರೇ ತೀರಿಸಲಿ. ವರ್ಗಾವಣೆಗೆ ಫಾರ್ಮ್ 29, 30. ಸಾಲವಿದ್ದರೆ ಅದು ತೀರಿತೆಂಬ ಬ್ಯಾಂಕಿನ ಫಾರ್ಮ್ 35. ಬೇರೆ ರಾಜ್ಯದ ಗಾಡಿಯಾದರೆ ಎನ್‌ಒಸಿಗೆ ಫಾರ್ಮ್ 28. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ನೋ ಕ್ಲೇಮ್ ಬೋನಸ್ ಹಳೆ ಓನರದು, ಅದು ಗಾಡಿಯ ಜೊತೆ ಬರುವುದಿಲ್ಲ. 2011ರ ಗಾಡಿಯಾದ್ದರಿಂದ ಆರ್‌ಸಿಯ 15 ವರ್ಷದ ಅವಧಿ ಎಂದು ಮುಗಿಯುತ್ತದೆ ಎಂಬುದೇ ಬೆಲೆಯನ್ನು ನಿರ್ಧರಿಸಬೇಕು. ಆಮೇಲೆ ಫಿಟ್‌ನೆಸ್ ಪಾಸಾಗಿ ಐದೈದು ವರ್ಷಕ್ಕೆ ನವೀಕರಿಸಬೇಕು. 15 ವರ್ಷ ದಾಟಿದ ಕಾರಿಗೆ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿ ಆಗಿತ್ತು, ಈಗ ಎಷ್ಟೆಂದು ಕೇಳಿಕೊಳ್ಳಿ; ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆ ಬೇರೆ. ನಿವೃತ್ತಿಯಾಗಿ ಊರಿಗೆ ಮರಳುವ ಯೋಚನೆಯಿದ್ದವರು ಇನ್ನೊಂದು ಲೆಕ್ಕ ಹಾಕಿಕೊಳ್ಳಿ: ಎಂಎಚ್ ಪಾಸಿಂಗಿನ ಗಾಡಿಯನ್ನು ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನಂಬರ್ ಪಡೆಯಬೇಕು, ಅಲ್ಲಿಯ ತೆರಿಗೆ ಕಟ್ಟಬೇಕು.

ಗಾಡಿ ನೋಡುವ ಮುಂಚೆ ಟೋಕನ್, ಗೇಟ್ ಪಾಸ್, ಡೆಲಿವರಿ ಎಂದು ಮೊಬೈಲಿನಲ್ಲಿ ಹಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಕೊಳ್ಳುವ ಬೆಲೆಯ ಐದನೇ ಒಂದು ಪಾಲನ್ನು ಬೇರೆ ತೆಗೆದಿಡಿ. ಮೊದಲ ತಿಂಗಳಲ್ಲೇ ಎಂಜಿನ್ ಆಯಿಲ್, ಗೇರ್ ಆಯಿಲ್, ಮೂರು ಫಿಲ್ಟರು, ಕೂಲಂಟ್, ಬ್ರೇಕ್ ಫ್ಲೂಯಿಡ್ ಎಲ್ಲ ಬದಲಿಸಿ, ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿಸಿ ವೀಲ್ ಸಿಲಿಂಡರ್ ಸೋರುತ್ತಿದೆಯೇ ನೋಡಿ. ಬ್ಯಾಟರಿಗೆ ಮೀಟರ್ ಹಿಡಿದರೆ ನಿಂತಾಗ 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.5 ಬರಬೇಕು. ಈ ಕೆಲಸಗಳೆಲ್ಲ ಮುಗಿದ ಮೇಲೆ ಊರಿಗೆ ಹೊರಡುವ ಮೊದಲು ಒಂದು ವಾರ ಅಲ್ಲೇ ಸುತ್ತಮುತ್ತ ಓಡಿಸಿ. ದಿನಾ ಬೆಳಿಗ್ಗೆ ಗಾಡಿ ತೆಗೆದ ಮೇಲೆ ಅದು ನಿಂತಿದ್ದ ನೆಲವನ್ನು ನೋಡಿ, ಎಸಿಯ ನೀರು ಬಿಟ್ಟು ಬೇರೆ ಹನಿ ಬಿದ್ದಿದ್ದರೆ ಅದೇ ದಿನ ಗ್ಯಾರೇಜಿಗೆ ಒಯ್ಯಿರಿ.